ಹಲಗೆಯ ಸಂದಿ

ಮಗಳ ಮನೆಯ ಅಡಿಗೆಮನೆಗೆ ಕಾಲಿಟ್ಟ ಮೊದಲ ದಿನವೇ ನೆಲ ನನ್ನನ್ನು ಮಾತನಾಡಿಸಿತು. ಒಲೆಯ ಮುಂದೆ ನಿಂತರೆ ಕಿರ್ ಅನ್ನುತ್ತಿತ್ತು, ಎರಡು ಹೆಜ್ಜೆ ಸರಿದರೆ ಕರಕ್ ಅನ್ನುತ್ತಿತ್ತು. ರಾತ್ರಿ ನೀರು ಕುಡಿಯಲು ಎದ್ದರೆ ಕಳ್ಳಿಯ ಹಾಗೆ ಕಾಲ ತುದಿಯಲ್ಲಿ ನಡೆಯಬೇಕು, ಇಲ್ಲವೆಂದರೆ ತೊಟ್ಟಿಲ ಕೂಸು ಎದ್ದೇಬಿಡುತ್ತಿತ್ತು. ಇದು 2018ರ ಬೇಸಿಗೆಯ ಮಾತು. ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿನ ಲೆಸ್ಟರ್ ಪಟ್ಟಣಕ್ಕೆ ಹೋಗಿದ್ದೆ. ಧಾರವಾಡದಿಂದ ಅಗಸಿ ಚಟ್ನಿಪುಡಿ, ಅಂಟಿನುಂಡಿ ಎಲ್ಲ ಕಟ್ಟಿಕೊಂಡು ಹೋದವಳಿಗೆ ಅಲ್ಲಿ ನೆಲದ ಪಾಠ ಕಾದಿದೆಯೆಂದು ಹೇಗೆ ಗೊತ್ತಿರಬೇಕು?

ಲೆಸ್ಟರ್ ಒಂದು ಕಾಲಕ್ಕೆ ಕಾಲುಚೀಲ, ಬನಿಯನ್ನು, ಬೂಟುಗಳಿಗೆ ಹೆಸರಾದ ಊರು. ಆ ಕಾರ್ಖಾನೆಗಳ ಕೆಲಸಗಾರರಿಗಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಾಲುಸಾಲಾಗಿ ಕಟ್ಟಿದ ಕೆಂಪು ಇಟ್ಟಿಗೆಯ ಮನೆಗಳು ಇಂದೂ ಇವೆ. ಒಂದರ ಗೋಡೆಗೆ ಒಂದು ಅಂಟಿಕೊಂಡು ನಮ್ಮ ಅಗ್ರಹಾರದ ಮನೆಗಳಂತೆಯೇ ನಿಂತಿವೆ. ಮಗಳು ಅಳಿಯ ಸಾಲ ಮಾಡಿ ಕೊಂಡದ್ದು ಅಂಥದೊಂದು ಮನೆ. ಮುಂದಿನ ಕೋಣೆ, ನಡುವಿನ ಕೋಣೆ, ಅಡಿಗೆಮನೆ ಎಲ್ಲಕ್ಕೂ ಮರದ ಹಲಗೆಯ ನೆಲ. ಮೇಲೆ ಹಾಸಿದ್ದ ವಿನೈಲ್ ಹಾಳೆ ಅಲ್ಲಲ್ಲಿ ಹರಿದು, ಕೆಳಗಿನ ಹಲಗೆಗಳ ಗೆರೆಗಳೆಲ್ಲ ಮೇಲೆದ್ದು, ಮುದುಕಿಯ ಕೈಯ ನರದಂತೆ ಕಾಣುತ್ತಿದ್ದವು.

"ಅಮ್ಮಾ, ಕೂಸು ಇನ್ನ ನಾಕೈದು ತಿಂಗಳಿಗೆ ಅಂಬೆಗಾಲು ಇಡ್ತದ. ಈ ನೆಲದ ಮ್ಯಾಲ ಹೆಂಗ ಬಿಡೂದು? ಮ್ಯಾಲ ಪ್ಲೈವುಡ್ ಹೊಡಿಸಿ ಹೊಸಾ ಹಾಸು ಹಾಕಸ್ತೀವಿ," ಎಂದಳು ಮಗಳು.

ಪ್ಲೈವುಡ್ ಎಂಬ ಶಬ್ದ ಕೇಳಿದ ಕೂಡಲೇ ನನ್ನ ಎದೆಯಲ್ಲಿ ಏನೋ ಕುಸಿದ ಹಾಗಾಯಿತು. "ಬ್ಯಾಡವ್ವ, ಇದ್ದ ಹಂಗ ಇರಲಿ," ಅಂದೆ. ಕಾರಣ ಹೇಳಲಿಲ್ಲ. ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಳು.

ಆ ಕಾರಣವನ್ನು ನಿಮಗೆ ಹೇಳಬೇಕು. ನನ್ನ ತವರುಮನೆ ಶಿರಸಿಯ ಹತ್ತಿರದ ಒಂದು ಹಳ್ಳಿಯಲ್ಲಿ. ಅಡಿಕೆ ತೋಟದ ತಲೆಯ ಮೇಲೆ ಹಂಚಿನ ಮನೆ. ಕೆಳಗೆ ಮಣ್ಣಿನ ನೆಲ, ಸಗಣಿ ಸಾರಿಸಿದ್ದು. ಅಡಿಕೆಹಾಳೆಯ ತುಂಡಿನಿಂದ ಸಗಣಿ ಎಳೆಯುತ್ತ, ಮುಗಿದುಹೋದ ಬ್ಯಾಟರಿ ಸೆಲ್ಲಿನ ಕಪ್ಪು ಬೆರೆಸಿ ನೆಲಕ್ಕೆ ಕನ್ನಡಿಯ ಹೊಳಪು ಕೊಡುವುದು ನಮ್ಮ ಅಮ್ಮನ ಹೆಮ್ಮೆ. ಮೇಲೆ ಮೆತ್ತು. ಮಲೆನಾಡಿನವರಿಗೆ ಮೆತ್ತು ಏನೆಂದು ಹೇಳಬೇಕಾಗಿಲ್ಲ, ಬಯಲುಸೀಮೆಯವರಿಗೆ ಹೇಳುವೆ. ಗೋಡೆಯಿಂದ ಗೋಡೆಗೆ ತೊಲೆ ಹಾಯಿಸಿ, ಅದರ ಮೇಲೆ ಹಲಗೆ ಜೋಡಿಸಿ ಮಾಡಿದ ಮೇಲಂತಸ್ತು. ಒಣ ಅಡಿಕೆ, ಭತ್ತ, ಹಪ್ಪಳದ ಡಬ್ಬಿ, ಹಳೆಯ ಪೆಟ್ಟಿಗೆ, ಬೇಸಿಗೆ ರಜೆಗೆ ಬಂದ ಮಕ್ಕಳು ಎಲ್ಲಕ್ಕೂ ಅದೇ ಜಾಗ.

ಆ ಹಲಗೆಗಳ ನಡುವೆ ಸಂದಿ ಇರುತ್ತಿತ್ತು. ಮಳೆಗಾಲದಲ್ಲಿ ಮರ ಉಬ್ಬಿ ಸಂದಿ ಕಿರಿದಾಗುತ್ತಿತ್ತು, ಬೇಸಿಗೆಯಲ್ಲಿ ಒಣಗಿ ಕಿರುಬೆರಳು ತೂರುವಷ್ಟು ಅಗಲವಾಗುತ್ತಿತ್ತು. ಕೆಳಗಿನ ಒಲೆಯ ಹೊಗೆ ಆ ಸಂದಿಗಳಿಂದಲೇ ಏರಿ, ಹಲಗೆಯನ್ನು ಕಪ್ಪಗೆ ಹೊಗೆಸಿ, ಹಂಚಿನ ಎಡೆಯಿಂದ ಹೊರಹೋಗುತ್ತಿತ್ತು. ನಾವು ಕಣ್ಣುಜ್ಜಿಕೊಳ್ಳುತ್ತಿದ್ದೆವು. ಆದರೆ ಆ ಹೊಗೆ, ಆ ಗಾಳಿಯಿಂದಲೇ ಮರ ಒಣಗಿ ಉಳಿದಿತ್ತು, ಕುಟ್ಟೆಹುಳು ಹತ್ತಿರ ಬರುತ್ತಿರಲಿಲ್ಲ ಎಂಬುದು ತಿಳಿದದ್ದು ಬಹಳ ತಡವಾಗಿ.

ಸಂದಿಗೆ ಇನ್ನೊಂದು ಉಪಯೋಗವಿತ್ತು. ಅದು ಹೆಂಗಸರಿಗೆ ಮಾತ್ರ ಗೊತ್ತು. ಜಗಲಿಯಲ್ಲಿ ಗಂಡಸರು ಕೂತು ಪಾಲುಪಟ್ಟಿ, ಜಾತಕ, ವರೋಪಚಾರದ ಮಾತಾಡುವಾಗ ಅಲ್ಲಿಗೆ ನಮಗೆ ಪ್ರವೇಶವಿರಲಿಲ್ಲ. ಆದರೆ ಮೆತ್ತಿನ ಹಲಗೆಗೆ ಕಣ್ಣು ಹಚ್ಚಿ ಬೋರಲು ಮಲಗಿದರೆ ಎಲ್ಲ ಕಾಣುತ್ತಿತ್ತು, ಎಲ್ಲ ಕೇಳುತ್ತಿತ್ತು. 1974ರಲ್ಲಿ ನನ್ನನ್ನು ನೋಡಲು ಧಾರವಾಡದಿಂದ ಬಂದಾಗ, ಉಪ್ಪಿಟ್ಟಿನ ತಟ್ಟೆ ಹಿಡಿದು ಕೆಳಗಿಳಿಯುವ ಮೊದಲೇ ನಾನು ಅವರನ್ನು ನೋಡಿಯಾಗಿತ್ತು. ಮುಖ ಅಲ್ಲ, ಬರಿಯ ನೆತ್ತಿ! ಬೈತಲೆ ಎಡಕ್ಕೆ ತೆಗೆದಿದ್ದರು, ಎಣ್ಣೆ ಸ್ವಲ್ಪ ಹೆಚ್ಚೇ ಇತ್ತು. ಪಕ್ಕದಲ್ಲಿ ಮಲಗಿದ್ದ ಚಿಕ್ಕಮ್ಮ "ಕೂದಲು ದಟ್ಟ ಇದೆ, ಆಗಬಹುದು" ಎಂದು ಪಿಸುಗುಟ್ಟಿದಳು. ಅಪ್ಪ ವರದಕ್ಷಿಣೆಗೆ ತೋಟದ ಅಂಚಿನ ಗದ್ದೆ ಅಡವಿಡುವ ಮಾತೆತ್ತಿದ್ದನ್ನೂ, ಮಾವನವರು ಅದು ಬೇಡವೆಂದದ್ದನ್ನೂ ನಾನು ಕೇಳಿದ್ದು ಆ ಸಂದಿಯಿಂದಲೇ.

ಮದುವೆಯಾಗಿ ಧಾರವಾಡಕ್ಕೆ ಬಂದಮೇಲೆ ಕಾಲಿಗೆ ಶಹಾಬಾದ ಫರಸಿ ಬಂತು. ತಂಪು, ಗಟ್ಟಿ, ಒರೆಸಿದರೆ ಸ್ವಚ್ಛ. ತವರಿಗೆ ಹೋದಾಗಲೆಲ್ಲ ಮೆತ್ತಿನ ಹಲಗೆ ನನಗೆ ಒರಟಾಗಿ ಕಾಣತೊಡಗಿತು. ಅಪ್ಪ ಹೋದಮೇಲೂ ಅಮ್ಮ ಮೆತ್ತಿನಲ್ಲೇ ಮಲಗುತ್ತಿದ್ದಳು. ಒಮ್ಮೆ ಅವಳ ಅಂಗಾಲಿಗೆ ಚಕ್ಕೆ ನೆಟ್ಟು ಕೀವಾಯಿತು. ನಾನು ತಮ್ಮನಿಗೆ ಗಂಟುಬಿದ್ದೆ. "ಮೇಲೆ ಪ್ಲೈವುಡ್ ಹೊಡೆಸು, ವಿನೈಲ್ ಹಾಸು, ದುಡ್ಡು ನಾನು ಕೊಡುತ್ತೇನೆ." 2009ರಲ್ಲಿ ಕೆಲಸ ಆಯಿತು. ಅಂಗಡಿಯವರು ತೋರಿಸಿದ ಅಗ್ಗದ ಹಾಳೆಯನ್ನೇ ತಂದೆವು. ಯಾವ ಬಗೆಯದು, ನೀರಿಗೆ ತಡೆಯುತ್ತದೆಯೇ ಎಂದು ಕೇಳುವ ಬುದ್ಧಿ ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ. ಅಷ್ಟರಲ್ಲಿ ಗ್ಯಾಸಿನ ಒಲೆ ಬಂದು ಕೆಳಗೆ ಹೊಗೆಯೂ ನಿಂತಿತ್ತು.

ಬೇಡವೆಂದವಳು ಅಮ್ಮ ಒಬ್ಬಳೇ. "ಎಂತಕ್ಕೆ ಮುಚ್ಚೂದು? ಕೆಳಗೆ ಯಾರು ಬಂದ್ರು, ಯಾರು ಹೋದ್ರು ಅಂತ ನಂಗೆ ಹೆಂಗೆ ಗೊತ್ತಾಗೂದು?" ಎಂದಳು. ನಾವು ನಕ್ಕೆವು.

ಮೊದಲು ಹಂಚು ಒಡೆದು ನೀರು ಸೋರಿದರೆ ಹಲಗೆಯ ಸಂದಿಯಿಂದ ಕೆಳಗೆ ಹನಿ ಬೀಳುತ್ತಿತ್ತು. ಹನಿ ಬಿದ್ದಲ್ಲಿ ಪಾತ್ರೆ ಇಟ್ಟು, ಮಳೆ ಬಿಟ್ಟಾಗ ಮೇಲೆ ಹತ್ತಿ ಹಂಚು ಬದಲಿಸುತ್ತಿದ್ದೆವು. ಈಗ ಮಂಗ ಹಾರಿ ಹಂಚು ಒಡೆದದ್ದು ಯಾರಿಗೂ ಗೊತ್ತಾಗಲಿಲ್ಲ. ನೀರು ಗೋಡೆಯ ಅಂಚಿನಿಂದ ವಿನೈಲಿನ ಅಡಿಗೆ ಇಳಿಯಿತು. ವಿನೈಲ್ ಮೇಲಿನಿಂದ ನಗುತ್ತಲೇ ಇತ್ತು. ಅಡಿಯಲ್ಲಿ ಪ್ಲೈವುಡ್ಡಿನ ಪದರಗಳು ಬಿಚ್ಚಿ, ಅದರಡಿಯಲ್ಲಿ ಅಜ್ಜನ ಕಾಲದ ಹಲಗೆ ಎರಡು ಮಳೆಗಾಲ ನೆನೆದು ಕೊಳೆಯಿತು. 2011ರ ಆಷಾಢದ ಒಂದು ರಾತ್ರಿ ಅಮ್ಮ ಎದ್ದು ಮೆಟ್ಟಿಲ ಕಡೆಗೆ ಹೊರಟಾಗ ಅವಳ ಬಲಗಾಲು ತೊಡೆಯತನಕ ನೆಲದಲ್ಲಿ ಹೂತುಹೋಯಿತು. ತೊಡೆಯ ಎಲುಬು ಮುರಿಯಿತು. ಹನ್ನೊಂದು ತಿಂಗಳು ಮಲಗಿದ್ದಲ್ಲೇ ಇದ್ದು ಹೋದಳು. ಯಾರೂ ನನ್ನನ್ನು ದೂರಲಿಲ್ಲ. ಒಬ್ಬರಾದರೂ ಒಂದು ಮಾತು ಅಂದಿದ್ದರೆ ಭಾರ ಇಳಿಯುತ್ತಿತ್ತೋ ಏನೋ.

ಇಷ್ಟು ಹೇಳಿದ ಮೇಲೆ ಲೆಸ್ಟರಿನ ಅಡಿಗೆಮನೆಗೆ ಮರಳೋಣ.

ಅಳಿಯಂದಿರು ಕರೆಸಿದ ಬಡಿಗ ಅರವತ್ತು ದಾಟಿದವನು, ಮಿತಭಾಷಿ. ಮೊಣಕಾಲಿಗೆ ದಪ್ಪ ಮೆತ್ತೆ ಕಟ್ಟಿಕೊಂಡು ಕೂತು ಮೂಲೆಯಿಂದ ವಿನೈಲ್ ಎಬ್ಬಿಸಿದ. ಅದರಡಿಯಲ್ಲಿ ಕಂದುಬಣ್ಣದ ಇನ್ನೊಂದು ಹಾಸು, ಹಪ್ಪಳದಂತೆ ಲಟಲಟನೆ ಮುರಿಯುತ್ತಿತ್ತು. ಅದರಡಿಯಲ್ಲಿ ಹಳೆಯ ಪತ್ರಿಕೆಗಳು. ಮೆತ್ತಗಿರಲೆಂದು, ಚಳಿಗಾಳಿ ಬಾರದಿರಲೆಂದು ಹಾಸಿದ್ದು. 1953ರ ಜೂನ್ ತಿಂಗಳವು. ಎಲಿಜಬೆತ್ ರಾಣಿಗೆ ಕಿರೀಟಧಾರಣೆಯಾದದ್ದೂ, ಹಿಲರಿ ಮತ್ತು ತೇನ್‌ಸಿಂಗ್ ಎವರೆಸ್ಟ್ ಏರಿದ ಸುದ್ದಿ ಲಂಡನ್ನಿಗೆ ಮುಟ್ಟಿದ್ದೂ ಆ ತಿಂಗಳೇ. ನಾನು ಹುಟ್ಟಿದ ವರ್ಷವೂ ಅದೇ. ಯುದ್ಧ ಮುಗಿದು ಎಂಟು ವರ್ಷವಾದರೂ ಆ ಜೂನಿನಲ್ಲಿ ಅಲ್ಲಿ ಸಕ್ಕರೆಗೆ ಇನ್ನೂ ರೇಶನ್ ಇತ್ತು. ರೇಶನ್ ಪೂರ್ತಿ ಹೋದದ್ದು 1954ರ ಜುಲೈಯಲ್ಲಿ. ಅಂಥ ದಿನಗಳಲ್ಲಿ ಯಾರೋ ಗೃಹಿಣಿ ಬಿಡಿಕಾಸು ಕೂಡಿಸಿ ಅಡಿಗೆಮನೆಗೆ ಹೊಸ ಹಾಸು ತಂದಿದ್ದಳು. ಪತ್ರಿಕೆಯ ಹಾಳೆಗಳನ್ನು ಒಂದರಂಚಿಗೊಂದು ಎಷ್ಟು ನೇರವಾಗಿ ಜೋಡಿಸಿದ್ದಳೆಂದರೆ, ಅವಳ ಸಂಭ್ರಮ ನನಗೆ ಕಣ್ಣಿಗೆ ಕಟ್ಟಿದಂತಾಯಿತು.

ಎಲ್ಲದರ ಕೆಳಗೆ ಹಲಗೆ. ಇಂದು ಇಂಥ ಹಳೆಯ ಹಲಗೆಯನ್ನು ಉಜ್ಜಿ ಹೊಳಪು ಕೊಟ್ಟು ತೋರಿಸುವುದು ಅಲ್ಲಿ ಒಂದು ಶೋಕಿ. ಆದರೆ ಕಟ್ಟಿದವರು ಅದನ್ನು ತೋರಿಸಲು ಹಾಕಿದವರೇ ಅಲ್ಲ. ಹಿಂದಿನ ಶ್ರೀಮಂತರ ಮನೆಗಳಲ್ಲಿ ಅಗಲವಾದ ಓಕ್ ಹಲಗೆಗಳಿದ್ದವು. ಊರುಗಳು ಬೆಳೆದು ಸಾವಿರಾರು ಮನೆಗಳು ಏಳತೊಡಗಿದಾಗ ಬಾಲ್ಟಿಕ್ ಸಮುದ್ರದ ಸುತ್ತಲಿನ ನಾಡುಗಳಿಂದ ಹಡಗಿನಲ್ಲಿ ಬಂದ ಪೈನ್ ಜಾತಿಯ ಮೆದು ಮರವೇ ಗತಿಯಾಯಿತು. ಸಾಧಾರಣ ಮನೆಯವರು ಅದರ ಮೇಲೆ ಚಿಂದಿ ಬಟ್ಟೆಯ ಚಾಪೆ ಹಾಸುತ್ತಿದ್ದರು. ಉಳ್ಳವರು ನಡುವೆ ಗಾಲೀಚೆ ಹಾಸಿ, ಅಂಚಿನ ಹಲಗೆಗಳಿಗೆ ಮಾತ್ರ ಬಣ್ಣ ಬಳಿಯುತ್ತಿದ್ದರು. ಉಳಿದ ಬರಿ ಹಲಗೆಯನ್ನು ಉಜ್ಜಿ ತೊಳೆಯುವುದು ಹೆಂಗಸರ ಕೆಲಸ. 1881ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆಗೆಲಸಕ್ಕಿದ್ದ ಹೆಣ್ಣುಮಕ್ಕಳ ಸಂಖ್ಯೆ ಹತ್ತು ಲಕ್ಷ ಮೀರಿತ್ತು. ಮಂಡಿಯೂರಿ ನೆಲ ಉಜ್ಜಿ ಉಜ್ಜಿ ಮೊಣಕಾಲ ಚಿಪ್ಪಿನ ಮುಂದೆ ನೀರು ತುಂಬಿ ಊದುವ ಬೇನೆಗೆ ಅಲ್ಲಿ 'ಮನೆಗೆಲಸದವಳ ಮೊಣಕಾಲು' ಎಂದೇ ಹೆಸರು. ವೈದ್ಯರೂ ಹಾಗೆಯೇ ಕರೆಯುತ್ತಾರೆ. ಬಡಿಗ ತನ್ನ ಮೊಣಕಾಲನ್ನು ತಟ್ಟಿ, "ನನಗೂ ಅದೇ," ಎಂದ. ಸಗಣಿ ಸಾರಿಸುತ್ತಿದ್ದ ನಮ್ಮ ಅಮ್ಮನ ಮೊಣಕಾಲೂ ಹಾಗೆಯೇ ಊದುತ್ತಿತ್ತು. ಅದಕ್ಕೆ ನಾವು ಹೆಸರಿಟ್ಟಿರಲಿಲ್ಲ, ಅಷ್ಟೆ.

ಆ ಕಂದು ಹಾಸಿನ ಕಥೆ ಕೇಳಿ. ಅದರ ಹೆಸರು ಲಿನೋಲಿಯಂ. ಫ್ರೆಡರಿಕ್ ವಾಲ್ಟನ್ ಎಂಬ ಇಂಗ್ಲಿಷ್ ಗೃಹಸ್ಥ ಎಣ್ಣೆಬಣ್ಣದ ಡಬ್ಬಿಯ ಮೇಲೆ ಕಟ್ಟಿದ ಕೆನೆಯನ್ನು ನೋಡಿ, ಇದು ರಬ್ಬರಿನಂತೆ ಬಾಗುತ್ತದಲ್ಲ ಎಂದುಕೊಂಡನಂತೆ. ಕಾದ ಹಾಲಿನ ಮೇಲೆ ಕೆನೆ ಕಟ್ಟುವುದನ್ನು ದಿನಾ ನೋಡುವ ನಮಗೆ ಇದು ತಿಳಿಯದ ಮಾತಲ್ಲ. ಬಣ್ಣದಲ್ಲಿ ಇದ್ದದ್ದು ಅಗಸೆ ಎಣ್ಣೆ, ಗಾಳಿ ತಾಗಿದರೆ ಗಟ್ಟಿಯಾಗುವುದು ಅದರ ಗುಣ. ಎತ್ತರದ ಕೊಠಡಿಗಳಲ್ಲಿ ತೆಳುಬಟ್ಟೆ ಇಳಿಬಿಟ್ಟು, ಅದರ ಮೇಲೆ ಅಗಸೆ ಎಣ್ಣೆಯನ್ನು ಮತ್ತೆ ಮತ್ತೆ ಹರಿಸಿ, ಪದರ ಪದರವಾಗಿ ಗಟ್ಟಿಯಾಗಿಸಿ, ರಾಳ ಬೆರೆಸಿ ಕಾಯಿಸಿ, ಬಿರಡೆಮರದ ಪುಡಿ ಸೇರಿಸಿ, ಸೆಣಬಿನ ಗೋಣಿಬಟ್ಟೆಯ ಮೇಲೆ ಒತ್ತಿದರೆ ಲಿನೋಲಿಯಂ. ಲ್ಯಾಟಿನ್ನಿನಲ್ಲಿ ಲಿನುಂ ಎಂದರೆ ಅಗಸೆ, ಓಲಿಯಂ ಎಂದರೆ ಎಣ್ಣೆ. 1863ರಲ್ಲಿ ವಾಲ್ಟನ್ ಹಕ್ಕುಪತ್ರ ಪಡೆದು, 1864ರಲ್ಲಿ ಲಂಡನ್ನಿನ ಹತ್ತಿರದ ಸ್ಟೇನ್ಸ್ ಊರಿನಲ್ಲಿ ಕಾರ್ಖಾನೆ ಹೂಡಿದ. ಮುಂದೆ ಸ್ಕಾಟ್ಲೆಂಡಿನ ಕರ್ಕಾಡಿಯಲ್ಲಿ ನೇರ್ನ್ ಎಂಬವರ ಕಂಪನಿಯೂ ಅದೇ ಹೆಸರಿನಿಂದ ಹಾಸು ಮಾರತೊಡಗಿದಾಗ ವ್ಯಾಜ್ಯವಾಯಿತು. ಆ ಹೆಸರು ವಸ್ತುವಿನದೇ ಹೆಸರಾಗಿಬಿಟ್ಟಿದೆ, ಅದು ಒಬ್ಬರ ಸೊತ್ತಲ್ಲ ಎಂದು 1878ರಲ್ಲಿ ತೀರ್ಪು ಬಂತು. ವನಸ್ಪತಿಗೆಲ್ಲ ನಾವು ಡಾಲ್ಡಾ ಎನ್ನುತ್ತಿರಲಿಲ್ಲವೆ, ಹಾಗೆ.

ಅಗಸೆ ಎಂದೊಡನೆ ನನ್ನ ಕಣ್ಣು ಕಪಾಟಿನಲ್ಲಿದ್ದ ಚಟ್ನಿಪುಡಿಯ ಡಬ್ಬಿಗೆ ಹೋಯಿತು. ನಮ್ಮ ಉತ್ತರ ಕರ್ನಾಟಕದ ಕರಿಮಣ್ಣಿನಲ್ಲಿ ನೀಲಿ ಹೂ ಬಿಡುವ ಅದೇ ಅಗಸಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಿಂದುಸ್ಥಾನದ ಬಂದರುಗಳಿಂದ ಅಗಸೆಬೀಜ ಹಡಗು ಹಡಗಾಗಿ ಬ್ರಿಟನ್ನಿಗೆ ಹೋಗುತ್ತಿತ್ತು. ಕೆಳಗಿನ ಸೆಣಬು ಬಂಗಾಳದ್ದು. ಅದನ್ನು ನೂತು ನೇಯುತ್ತಿದ್ದದ್ದು ಸ್ಕಾಟ್ಲೆಂಡಿನ ಡಂಡೀ ಪಟ್ಟಣದಲ್ಲಿ. ಒರಟು ಸೆಣಬನ್ನು ತಿಮಿಂಗಿಲದ ಎಣ್ಣೆ ಮತ್ತು ನೀರಿನಿಂದ ಮೆತ್ತಗೆ ಮಾಡುತ್ತಿದ್ದರು. ಆ ಗಿರಣಿಗಳಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಆದ್ದರಿಂದಲೇ ಡಂಡೀಗೆ ಹೆಂಗಸರ ಊರು ಎಂಬ ಅಡ್ಡಹೆಸರು ಬಿದ್ದಿತ್ತು. ಲೆಸ್ಟರಿನ ಒಬ್ಬ ಗೃಹಿಣಿಯ ಅಡಿಗೆಮನೆಯ ಒಂದು ಹಾಸಿನೊಳಗೆ ಎಷ್ಟು ಹೆಣ್ಣುಮಕ್ಕಳ ಕೈ ಇತ್ತು ನೋಡಿ.

ಲಿನೋಲಿಯಂ ಬಂದಮೇಲೆ ಉಜ್ಜುವ ಕಷ್ಟ ತಗ್ಗಿತು, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕಾಯಿತು. ಎರಡನೆಯ ಮಹಾಯುದ್ಧದ ನಂತರ ಪೆಟ್ರೋಲಿಯಂ ಮೂಲದ ವಿನೈಲ್ ಅಗ್ಗವಾಗಿ ಬಂದು ಅದನ್ನು ಹಿಂದೆ ಹಾಕಿತು. ಆದರೆ ಎರಡೂ ಹಾಸುಗಳಿಗೆ ಒಂದೇ ಚಾಳಿ. ಅಡಿಯ ನೆಲದ ಗುಟ್ಟನ್ನೆಲ್ಲ ಮೇಲೆ ಆಡಿಬಿಡುತ್ತವೆ. ಹಲಗೆ ಋತುವಿಗೊಮ್ಮೆ ಉಬ್ಬಿ ಕುಗ್ಗುತ್ತದೆ, ಅಂಚುಗಳು ಬಾಗಿ ಮೇಲೇಳುತ್ತವೆ. ತೆಳು ಹಾಸು ಅದೇ ಗೆರೆಯಗುಂಟ ಸವೆದು ಹರಿಯುತ್ತದೆ. ಹೆಂಚಿನ ಬಿಲ್ಲೆ ಹಾಕಿದರೆ ಬಿರುಕೇ ಬಿಡುತ್ತದೆ. ನಡುವೆ ಪ್ಲೈವುಡ್ ಬೇಕಾಗುವುದು ಇದಕ್ಕಾಗಿ.

ಪ್ಲೈವುಡ್ಡನ್ನು ನಾನು ಬಹಳ ದಿನ ಶತ್ರುವಿನಂತೆ ಕಂಡವಳು. ಆದರೆ ಅದರ ಜಾಣತನ ಒಪ್ಪಲೇಬೇಕು. ಮರಕ್ಕೆ ನಾರಿನ ಉದ್ದಕ್ಕೆ ಬಲ ಹೆಚ್ಚು, ಅಡ್ಡಕ್ಕೆ ಕಡಿಮೆ. ಉಬ್ಬಿ ಕುಗ್ಗುವುದೂ ಅಡ್ಡಕ್ಕೇ. ದಿಮ್ಮಿಯನ್ನು ತಿರುಗಿಸುತ್ತ, ಪೆನ್ಸಿಲ್ ಹೆರೆದ ಸಿಪ್ಪೆಯಂತೆ ತೆಳುಹಾಳೆ ಸುಲಿದು, ಒಂದರ ನಾರು ಉದ್ದಕ್ಕೆ, ಮುಂದಿನದರದು ಅಡ್ಡಕ್ಕೆ ಬರುವಂತೆ ಅಂಟಿಸಿದರೆ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಈಜಿಪ್ತಿನವರಿಗೆ ಈ ವಿದ್ಯೆ ಸಾವಿರಾರು ವರ್ಷಗಳ ಹಿಂದೆಯೇ ಗೊತ್ತಿತ್ತು. ಸಕ್ಕಾರಾದ ಮೆಟ್ಟಿಲು ಪಿರಮಿಡ್ಡಿನಲ್ಲಿ ಆರು ಪದರದ ಮರದ ಶವಪೆಟ್ಟಿಗೆ ಸಿಕ್ಕಿದೆ. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 1905ರ ವಸ್ತುಪ್ರದರ್ಶನದಲ್ಲಿ ಮೂರು ಪದರದ ಹಾಳೆಗಳನ್ನು ಜನರಿಗೆ ತೋರಿಸಿದ ಮೇಲೆ ಅಲ್ಲಿ ಅದೊಂದು ಉದ್ಯಮವಾಗಿ ಬೆಳೆಯಿತು. ಆದರೆ ಆಗಿನ ಅಂಟು ನೀರು ತಾಗಿದರೆ ಬಿಡುತ್ತಿತ್ತು. ನೀರಿಗೆ ಅಂಜದ ಅಂಟು ಅಲ್ಲಿ ಬಂದದ್ದು 1934ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ 'ಮಸ್ಕಿಟೋ' ವಿಮಾನವನ್ನೇ ಇಂಥ ಪದರಮರದಿಂದ ಕಟ್ಟಿದರು. ಕುರ್ಚಿ ಮೇಜು ಮಾಡುತ್ತಿದ್ದ ಕಾರ್ಖಾನೆಗಳು ಅದರ ಭಾಗಗಳನ್ನು ಮಾಡಿಕೊಟ್ಟವು.

ನಮ್ಮ ದೇಶಕ್ಕೆ ಅದು ಬಂದದ್ದು ಚಹದ ಬೆನ್ನು ಹತ್ತಿ. ಅಸ್ಸಾಮಿನ ಚಹ ತುಂಬಲು ಹಗುರವಾದ ಪೆಟ್ಟಿಗೆ ಬೇಕಿತ್ತು. ಅಂಚಿಗೆ ತಗಡಿನ ಪಟ್ಟಿ, ಒಳಗೆ ಬೆಳ್ಳಿಯಂಥ ಹಾಳೆ ಇರುತ್ತಿದ್ದ ಆ ಪೆಟ್ಟಿಗೆ ನಿಮ್ಮ ಮನೆಯಲ್ಲೂ ಇದ್ದಿರಬಹುದು. ವರ್ಗವಾದಾಗಲೆಲ್ಲ ನಮ್ಮ ಪಾತ್ರೆಪಡಗ ಊರಿಂದೂರಿಗೆ ಹೋದದ್ದು ಅದರಲ್ಲೇ. ಧಾರವಾಡದಿಂದ ಕೂಗಳತೆಯ ದಾಂಡೇಲಿಯಲ್ಲೂ ಪ್ಲೈವುಡ್ ಕಾರ್ಖಾನೆಯಿತ್ತು. 1962ರಲ್ಲಿ ಬೆಂಗಳೂರಿನಲ್ಲಿ ಪ್ಲೈವುಡ್ ಸಂಶೋಧನೆಗೆಂದೇ ಒಂದು ಸಂಸ್ಥೆ ಹುಟ್ಟಿತು. ಹಾಳೆಯ ಮೇಲಿನ ಮುದ್ರೆ ಓದಲು ಕಲಿತದ್ದು ನಾನು ಅಮ್ಮ ಹೋದಮೇಲೆ. ಐ.ಎಸ್. 303 ಎಂಬ ಮಟ್ಟದಲ್ಲೇ ಎರಡು ಬಗೆ. ಎಂ.ಆರ್. ಎಂದಿದ್ದರೆ ಗಾಳಿಯ ತೇವವನ್ನಷ್ಟೇ ತಡೆಯುತ್ತದೆ. ಬಿ.ಡಬ್ಲ್ಯು.ಆರ್. ಎಂದಿದ್ದರೆ ಕುದಿಯುವ ನೀರಿಗೂ ಅಂಟು ಬೇಗ ಬಿಡುವುದಿಲ್ಲ. ಇನ್ನೂ ಗಟ್ಟಿಯಾದದ್ದು ಐ.ಎಸ್. 710ರ ಮರೀನ್ ಹಾಳೆ. ನಾವು ಮೆತ್ತಿಗೆ ತಂದದ್ದು ಎಂ.ಆರ್. ಶಿರಸಿಯ ಮಳೆಗೆ!

ನನ್ನ ಕಥೆಯನ್ನು ಮಗಳು ಬಡಿಗನಿಗೆ ಹೇಳಿರಬೇಕು. ಮರುದಿನ ಅವನು ಕೆಲಸಕ್ಕೆ ಕೈಹಚ್ಚುವ ಮೊದಲು ನನ್ನನ್ನು ಹಿತ್ತಲಿಗೆ ಕರೆದು, ಗೋಡೆಯ ಬುಡದಲ್ಲಿದ್ದ ತೂತುತೂತಾದ ಒಂದು ಇಟ್ಟಿಗೆ ತೋರಿಸಿದ. ಮನೆಯ ಮುಂಗಡೆಯೂ ಅಂಥದೇ ಇತ್ತು. ಈ ಮನೆಗಳ ಹಲಗೆ ನೆಲಕ್ಕೆ ತಾಗಿರುವುದಿಲ್ಲ. ಜಂತಿಗಳ ಮೇಲೆ ಕೂತಿರುತ್ತದೆ, ಅಡಿಯಲ್ಲಿ ಮೊಳದಷ್ಟು ಟೊಳ್ಳು. ಮುಂದಿನ ತೂತಿನಿಂದ ಹೊಕ್ಕ ಗಾಳಿ ಹಿಂದಿನ ತೂತಿನಿಂದ ಹೊರಹೋದರೆ ಮಣ್ಣಿನ ತೇವ ಮರಕ್ಕೆ ಹತ್ತುವುದಿಲ್ಲ. ಎಲೆಯೋ ಮಣ್ಣೋ ಕಟ್ಟಿ ಆ ತೂತು ಮುಚ್ಚಿತೋ, ಒಂದು ಜಾತಿಯ ಬೂಷ್ಟು ಹುಟ್ಟಿ ಜಂತಿಗಳನ್ನು ತಿಂದುಹಾಕುತ್ತದೆ. ಅದರ ಮೈಮೇಲೆ ನೀರಹನಿ ಮೂಡುತ್ತದಾದ್ದರಿಂದ ಶಾಸ್ತ್ರಜ್ಞರು ಅದಕ್ಕೆ ಇಟ್ಟ ಲ್ಯಾಟಿನ್ ಹೆಸರಿನಲ್ಲೇ 'ಕಣ್ಣೀರಿಡುವ' ಎಂಬ ಅರ್ಥದ ಶಬ್ದವಿದೆ. "ಮೇಲೆ ಮುಚ್ಚಿದರೆ ತಪ್ಪಿಲ್ಲ. ಕೆಳಗೆ ಗಾಳಿ ಆಡುತ್ತಿದೆಯೋ ಇಲ್ಲವೋ ಮೊದಲು ನೋಡಬೇಕು," ಎಂದ. ಹಿತ್ತಲ ಇಟ್ಟಿಗೆಯ ಅರ್ಧ ತೂತುಗಳು ಎಲೆಯಿಂದ ಕಟ್ಟಿದ್ದವು. ಅವನು ಚಮಚದಿಂದ ಕೆದಕಿ ತೆಗೆದ. ನಾನು ನಿಂತು ನೋಡಿದೆ. ನಮ್ಮ ಮೆತ್ತಿನ ಸಂದಿ ಮಾಡುತ್ತಿದ್ದ ಕೆಲಸ ಇದೇ ಅಲ್ಲವೆ? ಅದನ್ನು ಮುಚ್ಚುವಾಗ ಬದಲಿಗೆ ಬೇರೆಲ್ಲಾದರೂ ಒಂದು ಕಿಂಡಿ ಬಿಡಬೇಕೆಂದು ನಮಗೆ ಹೇಳುವವರಿರಲಿಲ್ಲ. ಹೇಳಿದ ಒಬ್ಬಳ ಮಾತಿಗೆ ನಾವು ನಕ್ಕಿದ್ದೆವು.

ಅಡಿಗೆಮನೆಯ ಹಿಂದಿನ ಪಾತ್ರೆ ತೊಳೆಯುವ ಜಾಗಕ್ಕೆ ಮಾತ್ರ ಸಿಮೆಂಟಿನ ನೆಲ. ಅಲ್ಲಿ ವಿನೈಲ್ ಎಬ್ಬಿಸಿದಾಗ ಗೇಣುದ್ದದ ಕಪ್ಪು ಬಿಲ್ಲೆಗಳು ಕಂಡವು. ಬಡಿಗ ಕೈ ಹಿಂದೆಗೆದು ಎದ್ದುನಿಂತುಬಿಟ್ಟ. ಒಂಬತ್ತು ಇಂಚಿನ ಆ ಹಳೆಯ ಬಿಲ್ಲೆಗಳಲ್ಲಿ ಆಸ್ಬೆಸ್ಟಾಸ್ ನಾರು ಇರಬಹುದೆಂದು ಅವನ ಅನುಮಾನ. ನಮ್ಮಲ್ಲಿ ಕೊಟ್ಟಿಗೆಗೆ ಹೊದಿಸುತ್ತಿದ್ದ ಸಿಮೆಂಟು ಶೀಟುಗಳಲ್ಲಿರುವ ನಾರೇ ಇದು. ಪುಡಿಯಾಗಿ ಶ್ವಾಸಕೋಶ ಸೇರಿದರೆ ದಶಕಗಳ ಮೇಲೆ ಕ್ಯಾನ್ಸರ್ ತರಬಲ್ಲದು. ಬ್ರಿಟನ್ ಅದನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಚೂರನ್ನು ಪರೀಕ್ಷೆಗೆ ಕಳಿಸಿದರು. ವರದಿ ಬರುವತನಕ ಆ ಬಾಗಿಲು ಬಂದ್. ನಾಲ್ಕು ದಿನ ಮಗಳ ಮುಖ ನೋಡಲಾಗುತ್ತಿರಲಿಲ್ಲ. ನಾರು ಇದೆಯೆಂದೇ ವರದಿ ಬಂತು. "ಕಿತ್ತು ಒಗೀರಿ," ಎಂದೆ ನಾನು. ಆದರೆ ಬಿಲ್ಲೆ ಒಡೆಯದೆ ಗಟ್ಟಿಯಾಗಿದ್ದರೆ ಕೀಳುವುದಕ್ಕಿಂತ, ಉಜ್ಜದೆ, ಕೊರೆಯದೆ ಮೇಲೆ ಹಾಸಿ ಮುಚ್ಚುವುದೇ ಕ್ಷೇಮವಂತೆ. ಹಾಗೆಯೇ ಮಾಡಿದರು. ಮುಚ್ಚುವುದೆಲ್ಲ ತಪ್ಪೆಂದು ಏಳು ವರ್ಷ ನಂಬಿಕೊಂಡಿದ್ದವಳು ಆ ದಿನ ಬಾಯಿಮುಚ್ಚಿ ಕೂತೆ.

ಹಲಗೆಯ ಮೇಲಿನ ಕೆಲಸ ಎರಡು ದಿನದ್ದು. ಪ್ಲೈವುಡ್ ಹಾಳೆಗಳನ್ನು ಮೊದಲೇ ತಂದು ಎರಡು ದಿನ ಅದೇ ಕೋಣೆಯಲ್ಲಿ ಇಟ್ಟಿದ್ದ, ಆ ಮನೆಯ ಹವೆಗೆ ಹೊಂದಿಕೊಳ್ಳಲಿ ಎಂದು. ಹೊಸ ಸೊಸೆಯನ್ನು ಬಂದ ದಿನವೇ ಒಲೆಯ ಮುಂದೆ ಕೂಡಿಸಬಾರದಷ್ಟೆ! ಕಿರ್ ಅನ್ನುವ ಹಲಗೆಗಳನ್ನೆಲ್ಲ ಜಂತಿಗೆ ಸ್ಕ್ರೂ ಹಾಕಿ ಬಿಗಿದ. ಎದ್ದ ಮೊಳೆಗಳನ್ನು ಒಳಕ್ಕೆ ತಟ್ಟಿದ. ನೀರಿನ ಕೊಳವೆ, ವಿದ್ಯುತ್ ತಂತಿ ಎಲ್ಲಿ ಹಾಯುತ್ತವೆಂದು ಸೀಸದಕಡ್ಡಿಯಿಂದ ಗುರುತು ಮಾಡಿದ. ಆರು ಮಿಲಿಮೀಟರ್ ದಪ್ಪದ ಹಾಳೆಗಳನ್ನು, ಇಟ್ಟಿಗೆಗೋಡೆಯಂತೆ ಜೋಡಣೆ ತಪ್ಪಿಸಿ ತಪ್ಪಿಸಿ ಹಾಸಿದ, ನಾಲ್ಕು ಹಾಳೆಯ ಮೂಲೆ ಒಂದೇ ಕಡೆ ಕೂಡಬಾರದೆಂದು. ಗೇಣಿಗಿಂತ ಕಡಿಮೆ ಅಂತರದಲ್ಲಿ ಸಾಲಾಗಿ ಸ್ಕ್ರೂ. ಅವು ಹಲಗೆ ದಾಟಿ ಕೊಳವೆಗೆ ಚುಚ್ಚದಷ್ಟೇ ಉದ್ದ. ಗೋಡೆಯ ಅಂಚಿಗೆ ಮಾತ್ರ ಸಣ್ಣ ಬಿಡುವು, ಮರ ಉಬ್ಬಿದರೆ ಸರಿಯಲು. ಮೂಲೆಯಲ್ಲಿ ಒಂದು ಚೌಕವನ್ನು ಬೇರೆಯಾಗಿ ಕೊಯ್ದು ಎತ್ತಿ ಇಡುವಂತೆ ಮಾಡಿದ. ವರ್ಷಕ್ಕೊಮ್ಮೆ ಎತ್ತಿ ಕೆಳಗೆ ದೀಪ ಬಿಟ್ಟು ನೋಡಬಹುದು. ಅದು ನಾನು ಕೇಳಿಕೊಂಡದ್ದು.

ಹಾಸು ಹೊದಿಸುವ ಮೊದಲು ಮಗಳು ಪ್ಲೈವುಡ್ಡಿನ ಮೇಲೆ ಕೂತು ಬರೆದಳು. ತಾರೀಖು, ಕೊಳವೆ ಇಲ್ಲಿ, ತಂತಿ ಇಲ್ಲಿ, ಹಿಂದಿನ ಕೋಣೆಯ ಬಿಲ್ಲೆಗಳನ್ನು ಒಡೆಯಬೇಡಿ, ಗಾಳಿಯ ತೂತು ಮುಚ್ಚಬೇಡಿ. ಮುಂದೆ ಎಂದೋ ಈ ಹಾಸನ್ನು ಎಬ್ಬಿಸುವವರಿಗೆ ಬರೆದ ಓಲೆ. 1953ರ ಆ ಪತ್ರಿಕೆಯ ಎರಡು ಹಾಳೆಗಳನ್ನು ಅವಳು ಎತ್ತಿಟ್ಟುಕೊಂಡು, ಉಳಿದವನ್ನು ಇದ್ದಲ್ಲೇ ಬಿಡಿಸಿದ್ದಳು. "ನೀನೂ ಏನರೆ ಬರಿ, ಅಮ್ಮಾ," ಎಂದು ಸೀಸದಕಡ್ಡಿ ಕೊಟ್ಟಳು. ಏನು ಬರೆಯಲಿ? ಮೂಲೆಯಲ್ಲಿ ಕನ್ನಡದಲ್ಲಿ ನಮ್ಮ ಅಮ್ಮನ ಹೆಸರು ಬರೆದೆ. ಅದರ ಮೇಲೆ ಹಾಸು ಬಂತು.

ಕೂಸು ಡಿಸೆಂಬರಿನಲ್ಲಿ ಅಂಬೆಗಾಲಿಟ್ಟಿತು. ನೆಲ ಕಿರ್ ಅನ್ನಲಿಲ್ಲ. ಅಷ್ಟರಲ್ಲಿ ನಾನು ಧಾರವಾಡಕ್ಕೆ ಬಂದಾಗಿತ್ತು, ಫೋನಿನ ಪರದೆಯಲ್ಲೇ ನೋಡಿದ್ದು. ಈಗ ಅವಳು ಶಾಲೆಗೆ ಹೋಗುತ್ತಾಳೆ. ಪ್ರತಿ ವರ್ಷ ಅಲ್ಲಿ ಎಲೆ ಉದುರುವ ಕಾಲಕ್ಕೆ, ನಮ್ಮಲ್ಲಿ ನವರಾತ್ರಿಯ ಹೊತ್ತಿಗೆ, ನಾನು ಫೋನಿನಲ್ಲಿ ತಪ್ಪದೆ ಒಂದು ಮಾತು ಕೇಳುತ್ತೇನೆ. ಮಗಳು ಉತ್ತರ ಹೇಳುವ ಮೊದಲೇ ಹಿಂದಿನಿಂದ ಮೊಮ್ಮಗಳು ಕೂಗುತ್ತಾಳೆ:

"ಅಜ್ಜೀ, ಇಟ್ಟಿಗಿ ತೂತಿನ್ಯಾಗಿನ ಎಲಿ ತಗದೀವಿ!"